ನಾಲ್ಕನೆಯ ಸೀಲು

ಲಾರಿಯ ಹಿಂದಿನ ಆಕ್ಸಲ್ಲಿನಲ್ಲಿ ಪಿನಿಯನ್ ಸೀಲ್ ಎಂಬುದೊಂದಿದೆ ಎನ್ನುವುದೇ ತಿಳಿಯದೆ ಲೋಕದ ಎಷ್ಟೋ ಹೆಂಗಸರು ಸುಖವಾಗಿ ಬಾಳುತ್ತಾರೆ. ಮದುವೆಯಾಗಿ ಇಪ್ಪತ್ತು ವರ್ಷ ನಾನೂ ಹಾಗೇ ಬಾಳಿದ್ದೆ. ಆಮೇಲೆ ಮೂರೇ ತಿಂಗಳಲ್ಲಿ ನಮ್ಮ ಲಾರಿಗೆ ಮೂರು ಸೀಲು ಹಾಕಬೇಕಾಯಿತು, ಅದರ ಜೊತೆಗೆ ಶಿರಾದ ಒಬ್ಬ ಒಳ್ಳೆಯ ಮೆಕ್ಯಾನಿಕ್ಕಿನ ಹೆಸರೂ ಹಾಳಾಯಿತು. ಎರಡನ್ನೂ ಹಾಳು ಮಾಡಿದವಳು ನಾನು. ಸೀಲುಗಳ ಬಗ್ಗೆ ನನಗೆ ಅಷ್ಟೇನೂ ಬೇಸರವಿಲ್ಲ, ಅವು ರಬ್ಬರು. ಮನುಷ್ಯನ ಹೆಸರಿನ ಬಗ್ಗೆ ಬೇಸರವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಬಡವನಹಳ್ಳಿಯಲ್ಲಿ, ಮಧುಗಿರಿಯಿಂದ ಶಿರಾಕ್ಕೆ ಹೋಗುವ ರಸ್ತೆಯ ಪಕ್ಕಕ್ಕೇ ಇದೆ. ಮನೆ ಮುಂದೆ ಒಂದು ಹುಣಸೆ ಮರ, ಅದರ ಕೆಳಗೆ ನಮ್ಮ ಆರು ಚಕ್ರದ ಲಾರಿ. ನಮ್ಮನೆಯವರೇ ಓನರ್, ಅವರೇ ಡ್ರೈವರ್. ಹುಣಸೆಹಣ್ಣಿನ ಕಾಲದಲ್ಲಿ ಹುಣಸೆಹಣ್ಣು ಹೇರುತ್ತಾರೆ, ಉಳಿದ ಕಾಲದಲ್ಲಿ ಕೊರಟಗೆರೆ ಕಡೆಯಿಂದ ಬೇಲಿಗೆ ನೆಡುವ ಕಲ್ಲುಕಂಬ ತುಂಬಿಕೊಂಡು ಪಾವಗಡದ ಕಡೆ ಹೋಗುತ್ತಾರೆ. ಅಲ್ಲಿನ ವಳ್ಳೂರಿನ ಸುತ್ತ ಸೋಲಾರ್ ಪಾರ್ಕು ಬಂದಮೇಲೆ ಎಲ್ಲರಿಗೂ ತಮ್ಮ ತಮ್ಮ ಜಮೀನಿಗೆ ಬೇಲಿ ಹಾಕಿಕೊಳ್ಳುವ ಆಸೆ ಹುಟ್ಟಿದೆ, ನಮಗೆ ಬಾಡಿಗೆ ಹುಟ್ಟಿದೆ. ನಮ್ಮನೆಯವರು ಒಳ್ಳೆಯವರು. ಕೋಪ ಮಾತ್ರ ಮೂಗಿನ ತುದಿಯಲ್ಲಿ ಇರುತ್ತದೆ, ಮೂಗೂ ಸ್ವಲ್ಪ ಉದ್ದವೇ ಇದೆ.

ನಮ್ಮತ್ತೆ ಹಣೆಗೆ ವಿಭೂತಿ ಇಲ್ಲದೆ ಕಾಫಿ ಲೋಟ ಮುಟ್ಟುವವರಲ್ಲ. ಸೋಮವಾರ ಬೆಳಿಗ್ಗೆ ಲಾರಿ ಹೊರಡುವ ಮೊದಲು ಅದಕ್ಕೂ ವಿಭೂತಿ ಹಚ್ಚಬೇಕು ಎನ್ನುವುದು ಅವರ ಕಟ್ಟಳೆ. ಮಂಡಿ ಗಟ್ಟಿಯಿರುವವರೆಗೆ ಅವರೇ ಹಚ್ಚುತ್ತಿದ್ದರು. ಮಂಡಿ ಹೋದಮೇಲೆ ಅಧಿಕಾರ ನನ್ನ ಕೈಗೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮೊದಲ ಸೋಮವಾರ ನಾನು ಬಂಪರಿಗೆ, ಸ್ಟೀರಿಂಗಿಗೆ, ಮುಂದಿನ ಎರಡು ಚಕ್ರಕ್ಕೆ ಹಚ್ಚಿ ಕೈ ತೊಳೆದುಕೊಂಡೆ. ಜಗಲಿಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ಬಿಡಲಿಲ್ಲ.

"ಹಿಂದೀದಕ್ಕೆ?"

"ಹಿಂದೆ ಯಾರ್ ನೋಡ್ತಾರೆ ಅತ್ತೆ?"

"ಮುಂದಿರೋನ್ಗೆ ಊರೋರೆಲ್ಲ ಹೂ ಹಾಕ್ತಾರೆ ಕಣಮ್ಮ. ಭಾರ ಹೊರೋನು ಹಿಂದಿರೋನು. ಅವನ್ಗೆ ಮೊದ್ಲು ಹಚ್ಚು."

ಮಾತು ನನಗೆ ಹಿಡಿಸಿತು. ಮದುವೆಯಾದ ಲಾಗಾಯ್ತು ಈ ಮನೆಯ ಹಿಂದಿನ ಆಕ್ಸಲ್ಲು ನಾನೇ ಅಲ್ಲವೇ. ಗೋಣಿಚೀಲ ಹಾಸಿಕೊಂಡು ಲಾರಿಯ ಅಡಿಗೆ ನುಸುಳಿದೆ. ಹಿಂದಿನ ಚಕ್ರಗಳ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ತೊಲೆ, ಆ ತೊಲೆಯ ನಡುವೆ ಬಸುರಿ ಹೊಟ್ಟೆಯಂಥ ಒಂದು ಗುಂಡು. ಆ ಹೊಟ್ಟೆಯ ಮೇಲ್ಗಡೆ, ಕೈಗೆ ಎಟಕುವಷ್ಟರಲ್ಲೇ, ಹೆಬ್ಬೆರಳ ತುದಿಯಷ್ಟಿರುವ ಒಂದು ಮೊಳೆ ನಿಂತಿತ್ತು. ತಲೆ ಗುಂಡಗೆ, ನುಣ್ಣಗೆ. ಬುಡದಲ್ಲಿ ಪೀಠದ ಹಾಗೆ ಒಂದು ಬಳೆ. ನನ್ನ ಕಣ್ಣಿಗೆ ಸಾಕ್ಷಾತ್ ಲಿಂಗವೇ ಕಂಡಿತು. ಯಾರೂ ತೋರಿಸಿಕೊಟ್ಟದ್ದಲ್ಲ, ನಾನೇ ಕಂಡುಹಿಡಿದದ್ದು. ಹೆಮ್ಮೆಯಿಂದ ವಿಭೂತಿ ಬಳಿದು ಈಚೆ ಬಂದೆ.

ಮುಂದಿನ ಸೋಮವಾರ ಹೋಗಿ ನೋಡಿದರೆ ಎಲ್ಲವೂ ಉದುರಿಹೋಗಿತ್ತು. ನನಗೆ ಅವಮಾನವಾದ ಹಾಗಾಯಿತು. ನನ್ನ ತವರು ಚನ್ನರಾಯನದುರ್ಗ, ಕೋಟೆಯ ಬುಡದಲ್ಲೇ ನಮ್ಮ ಮನೆ. ಬೆಲ್ಲದ ನೀರು ಹಾಕಿ ಗಾರೆ ಅರೆದದ್ದಕ್ಕೇ ಆ ಗೋಡೆ ಇನ್ನೂ ನಿಂತಿದೆ ಎಂದು ನಮ್ಮಜ್ಜಿ ಊಟಕ್ಕೊಮ್ಮೆ ಹೇಳುತ್ತಿದ್ದಳು. ಆದ್ದರಿಂದ ತವರಿನ ಕಡೆ ನಾವು ಏನು ಅಂಟದಿದ್ದರೂ ಮೊದಲು ಬೆಲ್ಲದ ಡಬ್ಬಿಗೆ ಕೈ ಹಾಕುತ್ತೇವೆ. ಒಲೆ ಮೆತ್ತುವಾಗ ಒಂದು ಚೂರು ಬೆಲ್ಲ, ಗೋಡೆಯ ಬಿರುಕಿಗೆ ಸುಣ್ಣ ತುಂಬುವಾಗ ಒಂದು ಚೂರು ಬೆಲ್ಲ. ಹಾಗೇ ವಿಭೂತಿಗೂ ಒಂದು ಅಚ್ಚು ಬೆಲ್ಲ ಕರಗಿಸಿ, ಗಟ್ಟಿಯಾಗಿ ಕಲಸಿ, ಆ ಮೊಳೆಯ ತಲೆಯಿಂದ ಬುಡದವರೆಗೆ ಮೆತ್ತಿದೆ. ಈ ಸಲ ಪಾವಗಡದ ರಸ್ತೆ ಎಷ್ಟು ಕುಲುಕಿದರೂ ಒಂದು ಚಕ್ಕೆಯೂ ಬೀಳಲಿಲ್ಲ. ವಾರಕ್ಕೊಂದು ಪದರ ಏರಿಸುತ್ತಾ ಹೋದೆ. ಪದರಕ್ಕೊಂದಿಷ್ಟು ಧೂಳೂ ಸೇರಿ ಗಟ್ಟಿಯಾಯಿತು. ಕೋಟೆ ಕಟ್ಟಿದವರ ಮೊಮ್ಮಗಳ ಕೆಲಸ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಲಾರಿ ಹೊರಟಮೇಲೆ ಅಂಗಳಕ್ಕೆ ನೀರು ಹಾಕಿದರೆ ಒಂದು ಕಡೆ ನೀರೇ ನಿಲ್ಲಲಿಲ್ಲ. ಬಗ್ಗಿ ನೋಡಿದೆ, ತಟ್ಟೆಯಗಲ ಕಪ್ಪು ಎಣ್ಣೆ. ವಾಸನೆಯೋ, ಕೊಳೆತ ಬೆಳ್ಳುಳ್ಳಿಯದು. ಅದರ ಮೇಲೆ ರಂಗೋಲಿ ಎಳೆ ಕೂರಲೇ ಇಲ್ಲ. ಸಂಜೆ ನಮ್ಮನೆಯವರು ಬಂದು ಲಾರಿಯ ಅಡಿಗೆ ಇಣುಕಿ ಹೇಳಿದರು:

"ಕ್ರೌನ್ ಆಯಿಲ್ಲು ಕಣೆ, ಹಿಂದಿನ ಆಕ್ಸಲ್ಲಿಂದು. ಪಿನಿಯನ್ ಸೀಲ್ ಹೋಗೈತೆ. ಸಾಬ್ರಿಗೆ ಫೋನ್ ಮಾಡ್ತೀನಿ."

ಸಾಬರು ಎಂದರೆ ಶಿರಾದ ಮೆಕ್ಯಾನಿಕ್ಕು. ವಯಸ್ಸು ಐವತ್ತೈದರ ಮೇಲೆ, ಬಡಕಲು ಮೈ, ನರೆತ ಗಡ್ಡ, ಮಾತು ಕಡಿಮೆ. ಲಾರಿ ತಂದ ದಿನದಿಂದ ನಮ್ಮದಕ್ಕೆ ಅವರದೇ ಕೈ. ಅವರ ಶೆಡ್ಡಿಗೆ ಬೋರ್ಡು ಇರಲಿಲ್ಲ. ಮಧುಗಿರಿಯ ಲಾರಿ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿಕೊಂಡದ್ದೇ ಬೋರ್ಡು. ಹಿಂದಿನ ಆಕ್ಸಲ್ಲಿನ ಕೆಲಸವಿದ್ದರೆ ಶಿರಾಕ್ಕೇ ಹೋಗಬೇಕು ಎನ್ನುವ ಆ ಒಂದು ಮಾತಿನ ಮೇಲೆ ಅವರ ಮನೆಯ ಒಲೆ ಉರಿಯುತ್ತಿತ್ತು.

ಮಾರನೆಯ ದಿನ ಅವರೇ ನಮ್ಮ ಹುಣಸೆ ಮರದ ಕೆಳಗೆ ಬಂದರು. ಟೀ ಕೊಡಲು ಹೋದ ನನ್ನ ಕೈಗೆ ಟಾರ್ಚು ಬಂತು, ಅಲ್ಲಿಗೆ ನಾನೂ ಆ ಕೆಲಸದಲ್ಲಿ ಸೇರಿದೆ. ಚಕ್ರಕ್ಕೆ ಕಲ್ಲು ಕೊಟ್ಟು, ಎಣ್ಣೆಯನ್ನು ನಮ್ಮನೆಯ ಹಳೇ ಬೇಸಿನ್ನಿಗೆ ಇಳಿಸಿದರು. ಇಂಜಿನ್ನಿನ ಕಡೆಯಿಂದ ಬಂದು ಆ ಹೊಟ್ಟೆಯ ಮೂತಿಗೆ ಸೇರುವ ಉದ್ದನೆಯ ಶಾಫ್ಟನ್ನು ಬಿಚ್ಚಿ ಹಗ್ಗದಲ್ಲಿ ಮೇಲಕ್ಕೆ ಕಟ್ಟಿದರು. ಮೂತಿಯ ನಡುವೆ ಒಂದು ದೊಡ್ಡ ನಟ್ಟು ಕಂಡಿತು. ಅದನ್ನು ಬಿಚ್ಚುವ ಮೊದಲು ಸಣ್ಣ ಬ್ರಷ್ಷಿನಲ್ಲಿ ಹಳದಿ ಪೇಂಟು ಅದ್ದಿ, ನಟ್ಟಿನ ಮೇಲೂ ಒಳಗಿನ ಕಂಬಿಯ ಮೇಲೂ ಸೇರುವ ಹಾಗೆ ಒಂದೇ ಗೆರೆ ಎಳೆದರು.

"ಯಾಕಣ್ಣ ಇದು?" ಎಂದೆ.

"ಈ ನಟ್ಟು ಎಲ್ಲಿತ್ತೋ ಅಲ್ಲಿಗೇ ಬಂದು ನಿಲ್ಬೇಕು ಅಕ್ಕಾ. ಒಂದು ಕೂದ್ಲು ಜಾಸ್ತಿ ಬಿಗಿದ್ರೆ ಬೇರಿಂಗು ಸುಡ್ತದೆ, ಒಂದು ಕೂದ್ಲು ಕಮ್ಮಿ ಆದ್ರೆ ದಾರಿಯುದ್ದಕ್ಕೂ ಅಳ್ತದೆ. ಈ ಗೆರೆ ಕೂಡಿದ್ರೆ ಜವಾಬ್ದಾರಿ ನಂದು."

ಹಳೇ ಸೀಲನ್ನು ಕಿತ್ತು ತೆಗೆದರು. ನನ್ನ ಬಳೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಒಳಗಡೆ ರಬ್ಬರಿನ ತುಟಿ. ತಿರುಗುವ ಕಂಬಿಯನ್ನು ಆ ತುಟಿ ಮೆತ್ತಗೆ ಹಿಡಿದುಕೊಂಡು ಎಣ್ಣೆಯನ್ನು ಒಳಗೇ ತಡೆಯಬೇಕು. ಇಷ್ಟು ದೊಡ್ಡ ಲಾರಿಯ ಮಾನ ಇಷ್ಟು ಸಣ್ಣ ತುಟಿಯ ಮೇಲೆ ನಿಂತಿದೆ ಎಂದು ನನಗೆ ನಗು ಬಂತು. ಹೊಸದರ ತುಟಿಗೆ ಗ್ರೀಸು ಸವರಿ, ಮೇಲೊಂದು ಕಬ್ಬಿಣದ ಬಳೆಯಿಟ್ಟು, ಸುತ್ತಲೂ ಸಮನಾಗಿ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಕೂರಿಸಿದರು. ಹಪ್ಪಳ ಲಟ್ಟಿಸುವವರ ಕೈಯಲ್ಲಿ ಕೂಡ ನಾನು ಅಷ್ಟು ನಾಜೂಕು ನೋಡಿಲ್ಲ. ನಟ್ಟು ಬಿಗಿದಾಗ ಹಳದಿ ಗೆರೆಯ ಎರಡು ತುಂಡೂ ಕೂಡಿ ಒಂದಾಯಿತು.

ಎಣ್ಣೆ ತುಂಬಿಸಿ ಆಚೆ ಬರುವ ಮುನ್ನ ಅವರು ಆ ಹೊಟ್ಟೆಯ ಮೇಲ್ಗಡೆ ಕೈಯಾಡಿಸಿದರು, ಕತ್ತೆತ್ತಿ ನೋಡಿದರು.

"ಅಕ್ಕಾ, ಇಲ್ಲಿ ಮೇಲೆ ಬಿಳೀದು ಏನೋ ಮೆತ್ತಿದ್ಯಲ್ಲ. ಇದ್ರ ಅಡೀಲಿ ಒಂದು..."

ನಾನು ಮಾತು ಮುಗಿಸಲು ಬಿಡಲಿಲ್ಲ. "ಅದು ದೇವ್ರುದ್ದು ಕಣಣ್ಣ, ವಿಭೂತಿ. ಮುಟ್ಟಬ್ಯಾಡಿ. ನಮ್ಮತ್ತೆ ಅಲ್ಲೇ ಜಗಲಿ ಮೇಲೆ ಕುಂತವ್ರೆ."

ಬಿಸಿ ಕಾವಲಿ ಮುಟ್ಟಿದವರ ಹಾಗೆ ಅವರು ಕೈ ಹಿಂದೆ ತೆಗೆದರು. "ಅರೆ, ಮಾಫ್ ಮಾಡಿ ಅಕ್ಕಾ. ಗೊತ್ತಾಗ್ಲಿಲ್ಲ." ಮತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಎರಡೇ ವಾರ. ಮತ್ತೆ ಅಂಗಳದಲ್ಲಿ ಬೆಳ್ಳುಳ್ಳಿ ವಾಸನೆ. ನಮ್ಮನೆಯವರ ಮೂಗು ಕೆಂಪಾಯಿತು. ಸಾಬರು ಇನ್ನೊಮ್ಮೆ ಬಂದರು, ಇನ್ನೊಂದು ಸೀಲು ಹಾಕಿದರು. ಈ ಸಲ ಮೂತಿಯ ಮೇಲೆ ಕೂರುವ ಕಬ್ಬಿಣದ ತುಂಡನ್ನೂ ಬದಲಾಯಿಸಿದರು, ಹಳೆಯದು ಸವೆದು ಗೀರು ಬಿದ್ದಿರಬಹುದು ಎಂದರು. ಟೀ ಕೂಡ ಪೂರ್ತಿ ಕುಡಿಯಲಿಲ್ಲ. ಹೋಗುವಾಗ ಲಾರಿಯನ್ನು ತಿರುತಿರುಗಿ ನೋಡಿಕೊಂಡು ಹೋದರು. ಸೋಮವಾರ ಬಂತು, ನಾನು ಭಕ್ತಿಯಿಂದ ಇನ್ನೊಂದು ಪದರ ಮೆತ್ತಿದೆ. ಲಾರಿಗೆ ಕಷ್ಟಕಾಲವಲ್ಲವೇ, ಸ್ವಲ್ಪ ದಪ್ಪಗೇ ಮೆತ್ತಿದೆ.

ಮೂರನೆಯ ಸಲ ಸೋರಿದಾಗ ನಮ್ಮನೆಯವರ ಬಾಯಲ್ಲಿ ಸಾಬ್ರು ಹೋಗಿ "ಅವನು" ಬಂತು. ಮಧುಗಿರಿ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಏನು ಹೇಳಿ ಬಂದೆ ಎಂಬುದನ್ನು ಊಟಕ್ಕೆ ಕೂತು ನನಗೂ ಒಪ್ಪಿಸಿದರು.

"ಎಲ್ರ ಮುಂದೇನೇ ಹೇಳ್ಬುಟ್ಟೆ ಕಣೆ. ಶಿರಾದೋನ ಕೈ ಹೋಯ್ತು, ಕಣ್ಣೂ ಮಂಜಾಯ್ತು. ಇನ್ನು ಅವನ ಹತ್ರ ಹೋಗಿ ಗಾಡಿ ಕೆಡಿಸ್ಕಬ್ಯಾಡಿ ಅಂದೆ."

"ಅಂಗೆಲ್ಲ ಯಾಕ್ರೀ ಅನ್ನಕ್ಕೋದ್ರಿ?"

"ಮತ್ತೆ ಎಣ್ಣೆ ಸೋರಿದ್ದು ನಿನ್ನ ತಪ್ಪಾ?"

ಆಗ ನನಗೆ ಏನೂ ಗೊತ್ತಿರಲಿಲ್ಲ. ಆದ್ದರಿಂದ ಧೈರ್ಯವಾಗಿ "ನಂದ್ಯಾಕೆ" ಎಂದು ಮುದ್ದೆ ಬಡಿಸಿದೆ.

ಮೂರನೆಯ ಸೀಲನ್ನು ಪಾವಗಡದಲ್ಲಿ ಹಾಕಿಸಿಕೊಂಡು ಬಂದರು. ಅಲ್ಲಿನ ಮೆಕ್ಯಾನಿಕ್ಕು ಹಳೇ ಸೀಲನ್ನು ಕಂಡೊಡನೆ "ಎವರಣ್ಣಾ ಈ ಸೀಲು ಕೊಟ್ಟಿಂದಿ" ಎಂದು ನಕ್ಕನಂತೆ. ಇದನ್ನು ಹೊಡೆದವನು ಯಾರಣ್ಣ ಎಂಬ ಆ ಪ್ರಶ್ನೆಯನ್ನು ನಮ್ಮನೆಯವರು ತೆಲುಗಿನಲ್ಲೇ ನಾಲ್ಕು ಸಲ ಹೇಳಿ ಸಂತೋಷಪಟ್ಟರು. "ಹೊಸ ಸೀಲು ಕುಂದ್ರಕ್ಕೆ ನಾಕು ದಿನ ಬೇಕಂತೆ" ಎಂದೂ ಸೇರಿಸಿದರು. ನಾಲ್ಕು ದಿನವೂ ಸೋರಿತು. ಐದನೆಯ ಸಂಜೆ ವಳ್ಳೂರಿನಿಂದ ಬಂದವರೇ, ಎಣ್ಣೆ ಎಷ್ಟು ಉಳಿದಿದೆ ನೋಡುತ್ತೇನೆಂದು ಬಿಸಿ ಲಾರಿಯ ಅಡಿಗೆ ಮಲಗಿ ಆ ಹೊಟ್ಟೆಯ ಪಕ್ಕದ ಬಿರಡೆ ಬಿಚ್ಚಿದರು. ಬುಸ್ಸೆಂದು ಒಂದು ಸದ್ದು. ಈಚೆ ಬಂದಾಗ ಕಣ್ಣು ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು.

ಅತ್ತೆ ಜಗಲಿಯಿಂದ ಒಮ್ಮೆ ನೋಡಿ, "ಲೇ ಮಗಾ, ಕಾಡಿಗೆ ಕಣ್ಣಿಗೆ ಹಚ್ಕಬೇಕು ಕಣ್ಲಾ, ಮೂತಿಗಲ್ಲ" ಎಂದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ. ಅಡುಗೆಮನೆಯಲ್ಲಿ ರಾಗಿ ಡಬ್ಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಹೊರಗೆ ಅವರು "ಶಿರಾದೋನು ಎಣ್ಣೆ ಜಾಸ್ತಿ ತುಂಬ್ಸಿದ್ದ" ಎಂದು ಕೂಗಾಡುತ್ತಿದ್ದರು. ಎಣ್ಣೆ ತುಂಬಿಸಿದವನು ಪಾವಗಡದವನು ಎಂದು ನೆನಪಿಸುವ ಸಮಯ ಅದಲ್ಲ.

ಮರುದಿನ ಬೆಳಿಗ್ಗೆ ಕುಕ್ಕರಿನಲ್ಲಿ ಅವರೆಕಾಳು ಇಟ್ಟಿದ್ದೆ. ವಿಷಲ್ಲೇ ಬರಲಿಲ್ಲ. ಬದಲಿಗೆ ಮುಚ್ಚಳದ ಅಂಚಿನಿಂದ ಗ್ಯಾಸ್ಕೆಟ್ಟನ್ನು ದಾಟಿಕೊಂಡು ನೊರೆ ಬುಸುಬುಸು ಉಕ್ಕತೊಡಗಿತು. ಹೋದ ತಿಂಗಳಷ್ಟೇ ಹಾಕಿದ ಹೊಸ ಗ್ಯಾಸ್ಕೆಟ್ಟು. ಅಂಗಡಿಯವನಿಗೆ ಬೈದುಕೊಂಡು ಒಲೆ ಆರಿಸಿ, ಆರಿದಮೇಲೆ ಮುಚ್ಚಳ ತೆಗೆದು ನೋಡಿದೆ. ವಿಷಲ್ ಕೂರುವ ತೂತಿಗೆ ಅವರೆಕಾಳಿನ ಸಿಪ್ಪೆಯೊಂದು ಅಡ್ಡ ಕೂತಿತ್ತು. ಹಬೆಗೆ ಹೋಗಲು ದಾರಿಯಿಲ್ಲ, ಪಾಪದ ಗ್ಯಾಸ್ಕೆಟ್ಟನ್ನು ತಳ್ಳಿಕೊಂಡು ಬಂದಿದೆ.

ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. ನಿನ್ನೆಯ ಬುಸ್ಸೆಂಬ ಸದ್ದು ಕಿವಿಯಲ್ಲಿ ಕೇಳಿಸಿತು. ಅದರ ಹಿಂದೆಯೇ "ಇದ್ರ ಅಡೀಲಿ ಒಂದು" ಎಂಬ ಅರ್ಧ ಮಾತು ನೆನಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಮೂರು ಸೀಲುಗಳಿಗೂ ನಾವು ಹಾಗೇ ಬರೆ ಹಾಕಿದ್ದೆವು. ಜ್ವರ ಇದ್ದದ್ದು ನನ್ನ ಲಿಂಗದ ಕೆಳಗೆ.

ನಮ್ಮನೆಯವರು ಸ್ನಾನಕ್ಕೆ ಹೋದದ್ದೇ ತಡ, ಒಂದು ಚೊಂಬು ಬಿಸಿನೀರು, ಒಂದು ಹಳೇ ಬಟ್ಟೆ ಹಿಡಿದು, ತಲೆಯ ಹೇರ್‌ಪಿನ್ ಕಿತ್ತುಕೊಂಡು ಲಾರಿಯ ಅಡಿಗೆ ನುಗ್ಗಿದೆ. ಬೆಲ್ಲ ಕರಗುವವರೆಗೆ ಒದ್ದೆ ಬಟ್ಟೆ ಸುತ್ತಿ ಇಟ್ಟೆ. ಆಮೇಲೆ ಹೇರ್‌ಪಿನ್ನಿನಲ್ಲಿ ಕೆರೆಯತೊಡಗಿದೆ. ಚೂರುಚೂರಾಗಿ ನನ್ನ ಹಣೆಯ ಮೇಲೇ ಬಿತ್ತು. ಎಲ್ಲ ಪದರ ಹೋದಮೇಲೆ ಗೊತ್ತಾಯಿತು, ಅದು ಮೊಳೆಯಲ್ಲ, ಸಣ್ಣ ಟೋಪಿ. ಟೋಪಿಯ ಅಂಚಿನ ಕೆಳಗೆ ಸುತ್ತಲೂ ಗಾಳಿಯಾಡಲು ಸಂದು. ಬೆರಳಲ್ಲಿ ಮುಟ್ಟಿದರೆ ಗಿರ್ರನೆ ತಿರುಗಿತು. ಲಾರಿ ಓಡಿ ಒಳಗೆ ಬಿಸಿಯಾದಾಗ ಗಾಳಿ ಹೊರಗೆ ಹೋಗುವ ದಾರಿ ಅದೊಂದೇ. ಆ ದಾರಿಗೆ ನಾನು ಕೋಟೆ ಕಟ್ಟಿದ್ದೆ. ಶಿವನಲ್ಲಿ ಕ್ಷಮೆ ಕೇಳಿ, ಪಕ್ಕದಲ್ಲಿ ಹೊಟ್ಟೆಯ ಮೇಲೆ ಬರೀ ಒಣ ವಿಭೂತಿಯ ಮೂರು ಗೆರೆ ಎಳೆದು ಈಚೆ ಬಂದೆ. ಯಾರಿಗೂ ಹೇಳಲಿಲ್ಲ.

ಸೋರುವುದು ನಿಂತೇಹೋಯಿತು. ಮೊದಲ ವಾರ ನನಗೆ ಎಂಥ ಗಮ್ಮತ್ತು. ಮೂವರು ಗಂಡಸರು ಸ್ಪ್ಯಾನರು, ಸುತ್ತಿಗೆ ಹಿಡಿದು ಮಾಡಲಾಗದ್ದನ್ನು ನಾನು ಹೇರ್‌ಪಿನ್ನಿನ ತುದಿಯಲ್ಲಿ ಮಾಡಿದ್ದೆ. ಅದೇ ಪಿನ್ನನ್ನು ತೊಳೆದು ಮತ್ತೆ ತಲೆಗೇ ಸಿಕ್ಕಿಸಿಕೊಂಡು ಓಡಾಡಿದೆ. ನಮ್ಮನೆಯವರು ಮಾತ್ರ ಬಾಯಿ ಮುಚ್ಚಲಿಲ್ಲ.

"ನೋಡ್ದಾ ಪಾವಗಡದೋನ ಕೈ? ನಾಕು ದಿನ ಅಂದ, ವಾರ ಹಿಡೀತು, ಆದ್ರೂ ಕುಂತ್ಕಂತು. ಸ್ಟ್ಯಾಂಡಲ್ಲಿ ಎಲ್ರಿಗೂ ಹೇಳಿವ್ನಿ. ನಾಕು ಗಾಡಿ ಆಗ್ಲೇ ಶಿರಾ ಬುಟ್ಟು ಪಾವಗಡಕ್ಕೆ ಹೋದ್ವು."

ಆಗ ನನ್ನ ಗಮ್ಮತ್ತು ಇಳಿಯಿತು. ಗುಟ್ಟಾಗಿ ತೂತು ತೆಗೆದು ನಾನು ಲಾರಿಯನ್ನು ಉಳಿಸಿದ್ದೆ, ಸಾಬರನ್ನು ಪೂರ್ತಿ ಮುಳುಗಿಸಿದ್ದೆ. ಮೊದಲು ಅವರ ಸೀಲು ಸೋರಿತು ಎಂಬ ಮಾತಷ್ಟೇ ಇತ್ತು, ಈಗ ಇನ್ನೊಬ್ಬನ ಸೀಲು ನಿಂತಿತು ಎಂಬ ಸಾಕ್ಷಿಯೂ ಸಿಕ್ಕಂತಾಯಿತು. ಯಾರಾದರೂ ಸೀಲು ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನಾಗಿ ಹೇರ್‌ಪಿನ್ನಿಗೆ ಹೋಗುತ್ತಿತ್ತು. ಹೇಳಬೇಕು ಎಂದುಕೊಳ್ಳುವುದು, ಅವರ ಮೂಗು ನೋಡುವುದು, ನಾಳೆ ಹೇಳಿದರಾಯಿತು ಎಂದುಕೊಳ್ಳುವುದು. ಹೀಗೇ ದಿನ ಕಳೆದವು.

ಅಕ್ಕನ ಮಗಳ ಮದುವೆಗೆ ಸೀರೆ ತರಲು ಶಿರಾಕ್ಕೆ ಹೋಗಬೇಕಾಯಿತು. ನಮ್ಮನೆಯವರಿಗೂ ಅಲ್ಲಿಗೆ ಹುಣಸೆಹಣ್ಣಿನ ಲೋಡು ಇತ್ತು, ಲಾರಿಯಲ್ಲೇ ಹೋದೆವು. ಅವರು ಲೋಡು ಇಳಿಸುವಷ್ಟರಲ್ಲಿ ನಾನು ಸೀರೆ ಅಂಗಡಿಗೆ ಎಂದು ಹೊರಟವಳು ಶೆಡ್ಡಿನ ಕಡೆ ತಿರುಗಿದೆ. ಯಾವಾಗಲೂ ಮೂರು ನಾಲ್ಕು ಲಾರಿ ನಿಂತಿರುತ್ತಿದ್ದ ಜಾಗದಲ್ಲಿ ಒಂದು ಟ್ರ್ಯಾಕ್ಟರ್ ಇತ್ತು. ಸಾಬರು ಬಾಗಿಲಲ್ಲಿ ಕೂತು, ತೊಳೆದ ಸ್ಪ್ಯಾನರುಗಳನ್ನೇ ಮತ್ತೆ ಒರೆಸುತ್ತಿದ್ದರು. ನನ್ನನ್ನು ಕಂಡು ಎದ್ದರು. ಸ್ಟೂಲು ಒರೆಸಿ ಕೊಟ್ಟರು, ಪಕ್ಕದಿಂದ ಟೀ ತರಿಸಿದರು.

"ಈಗ ಸೋರ್ತಿಲ್ವಂತೆ, ಹೌದಾ ಅಕ್ಕಾ?"

"ಇಲ್ಲಣ್ಣ."

ಸಾಬರು ದನಿ ತಗ್ಗಿಸಿ ಕೇಳಿದರು. "ಪಾವಗಡದೋರು ಏನು ಮಾಡಿದ್ರು ಅಂತ ಯಜಮಾನ್ರನ್ನ ಒಂದು ಮಾತು ಕೇಳಿ ಹೇಳ್ತೀರಾ? ನಾನು ಬೇರೆ ತರ ಎಲ್ಲ ಯೋಚ್ನೆ ಮಾಡ್ದೆ, ತಿಳೀಲಿಲ್ಲ. ಈ ವಯಸ್ಸಲ್ಲಿ ಆದ್ರೂ ಕಲೀಬಹುದಲ್ಲ."

ಲೋಟ ಕೆಳಗಿಟ್ಟು ತಲೆಯಿಂದ ಪಿನ್ ಕಿತ್ತು ಅವರ ಮುಂದೆ ಹಿಡಿದೆ. ವಿಭೂತಿಯಿಂದ ಹಿಡಿದು ಬೆಲ್ಲದವರೆಗೆ, ಬೆಲ್ಲದಿಂದ ಅವರೆಕಾಳಿನ ಸಿಪ್ಪೆಯವರೆಗೆ ಒಂದೂ ಬಿಡದೆ ಹೇಳಿದೆ. ಅವರು ಪಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ, ನೆಮ್ಮದಿ. ತನ್ನ ಕೈ ಸರಿಯಾಗಿಯೇ ಇದೆ ಎಂದು ಡಾಕ್ಟರು ಹೇಳಿದಾಗ ಬರುವಂಥದ್ದು.

"ಬ್ರೀದರ್ ಅಂತಾರೆ ಅದಕ್ಕೆ. ನಾನು ಅವತ್ತೇ ಕೇಳಿದ್ನಲ್ಲ ಅಕ್ಕಾ."

"ಕೇಳಿದ್ರಿ. ನಾನೇ ಬಾಯಿ ಮುಚ್ಚಿಸ್ದೆ."

"ನಾನೂ ಇನ್ನೊಂದು ಸಲ ಕೇಳ್ಬೇಕಿತ್ತು. ದೇವ್ರ ವಿಷ್ಯ, ಹೆದರ್ಕೊಂಡೆ." ಪಿನ್ ವಾಪಸು ಕೊಟ್ಟರು. "ಯಜಮಾನ್ರಿಗೆ ಹೇಳೋದು ಬೇಡ. ಮನೇಲಿ ಮಾತಾಗ್ತದೆ. ಸೋರೋದು ನಿಂತಿತಲ್ಲ, ಬಸ್."

ನನಗೆ ಸಿಟ್ಟೇ ಬಂತು. ಅವರು ನನ್ನನ್ನು ಚೆನ್ನಾಗಿ ಬೈದಿದ್ದರೆ, ಬೈಸಿಕೊಂಡು, ಎರಡು ಸೀರೆ ತೆಗೆದುಕೊಂಡು ಆರಾಮವಾಗಿ ಮನೆಗೆ ಹೋಗುತ್ತಿದ್ದೆ. ಒಳ್ಳೆಯತನ ತೋರಿಸಿ ನನ್ನ ದಾರಿಗೇ ಅಡ್ಡ ನಿಂತರು. ಸೀರೆಯ ನೆನಪೂ ಬರದೆ ಬಂದು ಲಾರಿ ಹತ್ತಿದೆ.

ಬಡವನಹಳ್ಳಿ ಬಂತು. ಮನೆ ಮುಂದೆ ಲಾರಿ ನಿಂತಿತು. ಅತ್ತೆ ಜಗಲಿಯಿಂದ ನೋಡುತ್ತಿದ್ದರು. ನಾನು ಇಳಿಯಲಿಲ್ಲ.

"ಮಧುಗಿರಿಗೆ ನಡೀರಿ," ಎಂದೆ.

"ಯಾಕೆ? ಸೀರೆ ಎಲ್ಲಿ?"

"ಸೀರೆ ಅಲ್ಲಿ ಸಿಗ್ತಾವೆ. ನಡೀರಿ."

ಮನೆಯಲ್ಲಿ ಹೇಳಿದರೆ ಮಾತು ಮನೆಯಲ್ಲೇ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಹೆಸರು ಕೆಟ್ಟದ್ದು ಟೀ ಅಂಗಡಿಯಲ್ಲಿ, ಸರಿಯಾಗಬೇಕಾದದ್ದೂ ಅಲ್ಲೇ. ಲಾರಿ ಸ್ಟ್ಯಾಂಡಿನ ಟೀ ಅಂಗಡಿಗೆ ಹೆಂಗಸರು ಬರುವುದಿಲ್ಲ. ನಾನು ಒಳಗೆ ಕಾಲಿಟ್ಟಾಗ ಆರೇಳು ಡ್ರೈವರುಗಳು ಬೀಡಿ ಕೆಳಗೆ ಹಾಕಿದರು. ನಮ್ಮನೆಯವರು ಹಿಂದಿನಿಂದ ಬಂದು, "ಲೇ, ಏನಾಗೈತೆ ನಿಂಗೆ" ಎಂದು ಪಿಸುಗುಟ್ಟಿದರು.

"ಅಣ್ಣಂದಿರಾ, ಒಂದು ಮಾತು," ಎಂದೆ. "ನಮ್ಮ ಗಾಡಿ ಸೀಲು ಸೋರಿದ್ದು ಶಿರಾ ಸಾಬ್ರ ತಪ್ಪಲ್ಲ, ನಿಂತಿದ್ದು ಪಾವಗಡದೋರ ಕೈಚಳಕಾನೂ ಅಲ್ಲ. ಆಕ್ಸಲ್ ಮ್ಯಾಲೆ ಗಾಳಿ ಹೋಗೋ ತೂತು ಐತಲ್ಲ, ಅದು ಲಿಂಗದಂಗೆ ಕಾಣ್ತು ಅಂತ ವಾರ ವಾರ ವಿಭೂತಿ ಮೆತ್ತಿ ನಾನೇ ಮುಚ್ಚಿದ್ದೆ. ಆಮೇಲೆ ನಾನೇ ಕೆರೆದು ತೆಗ್ದೆ."

ವಯಸ್ಸಾದ ಡ್ರೈವರೊಬ್ಬ ಕೇಳಿದ. "ವಿಭೂತಿ ಅಷ್ಟು ಹೊತ್ತು ಹೆಂಗೆ ನಿಲ್ತದಮ್ಮ? ಉದುರೋಗಕಿಲ್ವಾ?"

"ಬೆಲ್ಲ ಹಾಕಿ ಕಲಸಿದ್ದೆ ಅಣ್ಣ. ಕೋಟೆ ಗಾರೆಗೆ ಹಾಕ್ತಾರಲ್ಲ, ಅಂಗೆ."

ಅಂಗಡಿಯ ತಗಡು ಅಲುಗುವ ಹಾಗೆ ನಕ್ಕರು. ಒಬ್ಬ ಮಾತ್ರ ನಗಲಿಲ್ಲ. ಮೆಲ್ಲಗೆ ಎದ್ದುಹೋಗಿ ತನ್ನ ಲಾರಿಯ ಅಡಿಗೆ ಬಗ್ಗಿ ನೋಡತೊಡಗಿದ, ಅವನ ಮನೆಯಲ್ಲೂ ಯಾರೋ ಭಕ್ತರಿದ್ದಿರಬೇಕು. ನಗು ಇಳಿದಮೇಲೆ ನಾನು ಹೇಳಬೇಕಾದ ಉಳಿದ ಮಾತು ಹೇಳಿದೆ. "ಸಾಬ್ರು ಮೊದಲ್ನೇ ದಿನಾನೇ ಅದನ್ನ ಕೇಳಿದ್ರು. ಮುಟ್ಟಬ್ಯಾಡಿ ಅಂದೋಳು ನಾನು. ಅವ್ರ ಕೈ ಹೋಗಿಲ್ಲ, ಕಣ್ಣೂ ಹೋಗಿಲ್ಲ. ಇದನ್ನ ನೀವೆಲ್ಲ ನಾಕು ಜನಕ್ಕೆ ಹೇಳ್ಬೇಕು."

ನಮ್ಮನೆಯವರ ಕಡೆ ನೋಡುವ ಧೈರ್ಯವಾಗಲಿಲ್ಲ. ಲಾರಿ ಹತ್ತಿ ಕೂತೆ. ಅವರು ಬಂದು ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಡಿಸಿದರು. ಬಡವನಹಳ್ಳಿ ಬಂತು. ಅತ್ತೆ ಜಗಲಿಯಿಂದ ಕೈಯೆತ್ತಿದರು. ಲಾರಿ ನಿಲ್ಲಲಿಲ್ಲ. ಹುಣಸೆ ಮರ ಹಿಂದೆ ಹೋಯಿತು, ಮುಂದೆ ಶಿರಾದ ರಸ್ತೆ. ಈ ಸಲ ಯಾಕೆ ಎಂದು ಕೇಳುವ ಸರದಿ ನನ್ನದಾಗಿತ್ತು, ಕೇಳಲಿಲ್ಲ.

ಶೆಡ್ಡಿನ ಮುಂದೆ ಇಳಿದು ನಮ್ಮನೆಯವರು ಸಾಬರೆದುರು ನಿಂತರು. ಕ್ಷಮೆ ಕೇಳುವ ಮಾತು ಅವರ ವಂಶದಲ್ಲೇ ಯಾರಿಗೂ ಬರುವುದಿಲ್ಲ. ತಲೆಯ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.

"ಪಿನಿಯನ್ ಸೀಲ್ ಬದ್ಲಾಯಿಸ್ಬೇಕು ಸಾಬ್ರೇ."

"ಸೋರ್ತಿಲ್ವಲ್ಲ ಯಜಮಾನ್ರೇ?"

"ಸೋರಕಿಲ್ಲ. ಆದ್ರೂ ಬದ್ಲಾಯ್ಸಿ. ನಿಮ್ಮ ಕೈಲಿ ಹಾಕಿದ್ದೇ ಇರ್ಲಿ."

ಸಾಬರು ನನ್ನ ಕಡೆ ಒಮ್ಮೆ ನೋಡಿದರು, ಹೇಳಿಬಿಟ್ಟಿರಾ ಎನ್ನುವ ಹಾಗೆ. ಟಾರ್ಚು ಹಿಡಿದು ಲಾರಿಯ ಅಡಿಗೆ ಹೋದರು. ಬಹಳ ಹೊತ್ತು ಮೂತಿಯ ಸುತ್ತ ಬೆರಳಾಡಿಸಿ ಈಚೆ ಬಂದು ಕೈ ಒರೆಸಿಕೊಂಡರು.

"ಬೇಡ ಯಜಮಾನ್ರೇ. ಚೆನ್ನಾಗಿ ಕೂತಿದೆ. ಪಾವಗಡದೋರ ಕೆಲ್ಸ ಒಳ್ಳೇದು. ಒಳ್ಳೇ ಸೀಲು ಸುಮ್ನೆ ಯಾಕೆ ಕೀಳ್ಲಿ?"

ನಮ್ಮನೆಯವರು ನೆಲ ನೋಡಿದರು. ಇಷ್ಟು ದಿನ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಇವರ ಕೆಲಸವನ್ನು ಹಳಿದುಬಂದವರಿಗೆ, ಇನ್ನೊಬ್ಬನ ಕೆಲಸವನ್ನು ಇವರು ಹೊಗಳಿದ್ದನ್ನು ಕೇಳಿಸಿಕೊಳ್ಳುವುದು ಕಷ್ಟವಾಯಿತು.

"ಅಂಗಾದ್ರೆ ಆಯಿಲ್ಲಾದ್ರೂ ಬದ್ಲಾಯ್ಸಿ."

"ಹೊಸಾದು ಇದೆ."

"ಗ್ರೀಸಾದ್ರೂ ಹೊಡೀರಿ."

"ಹೊಡ್ದಿದ್ದಾರೆ."

"ಏನಾದ್ರೂ ಒಂದು ಮಾಡಿ ಸಾಬ್ರೇ," ಎಂದರು ನಮ್ಮನೆಯವರು. "ಸುಮ್ನೆ ಹೋಗಕ್ಕಾಗಕಿಲ್ಲ ನಂಗೆ."

ಸಾಬರು ಒಳಗೆ ಹೋಗಿ ಹಳದಿ ಪೇಂಟಿನ ಡಬ್ಬಿ, ಆ ಸಣ್ಣ ಬ್ರಷ್ಷು ತಂದರು. ನನಗೆ ಟಾರ್ಚು ಕೊಟ್ಟರು. ಪಾವಗಡದವನು ಬಿಗಿದ ನಟ್ಟಿನ ಮೇಲೆ, ಒಳಗಿನ ಕಂಬಿಗೂ ಸೇರುವ ಹಾಗೆ, ಜವಾಬ್ದಾರಿ ನಂದು ಎಂದಿದ್ದ ತಮ್ಮ ಗೆರೆಯನ್ನೇ ಎಳೆದರು. ಆಮೇಲೆ ಕೈ ಮೇಲಕ್ಕೆ ಚಾಚಿ ಬ್ರೀದರಿನ ಟೋಪಿಯನ್ನು ಒಮ್ಮೆ ಗಿರ್ರನೆ ತಿರುಗಿಸಿ, ಅದರ ನೆತ್ತಿಗೆ ಬ್ರಷ್ಷಿನ ತುದಿಯಿಂದ ಒಂದು ಸಣ್ಣ ಚುಕ್ಕಿ ಇಟ್ಟರು.

"ಇದಕ್ಕೆ ಇಷ್ಟು ಸಾಕು ಅಕ್ಕಾ. ಬೆಲ್ಲ ಬೇಡ."

ಅವತ್ತು ಮೊದಲ ಸಲ ನಮ್ಮನೆಯವರು ನಕ್ಕರು. ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತರು. ಪೇಂಟು ಒಣಗುವವರೆಗೂ ಏಳಲಿಲ್ಲ.